ಬೀಳಗಿಯ ಕೋಗಿಲೆ ಅಮೀರ್‌ಬಾಯಿ ಕರ್ನಾಟಕಿ

ನಮ್ಮ ಜಿಲ್ಲೆಯ ಬಗ್ಗೆ ಹೊರಗಿನವರಿಗೆ ಹೇಳಬೇಕಾದಾಗ ನಾವು ಬಾದಾಮಿಯ ಗುಹೆಗಳು, ಐಹೊಳೆ–ಪಟ್ಟದಕಲ್ಲಿನ ಗುಡಿಗಳು, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಕೂಡಲಸಂಗಮ, ಇವಿಷ್ಟನ್ನು ಹೇಳಿ ಮುಗಿಸುತ್ತೇವೆ. ಎಂಬತ್ತು ವರ್ಷಗಳ ಹಿಂದೆ ಇಡೀ ಭಾರತವೇ ಕಿವಿಗೊಟ್ಟು ಕೇಳಿದ ಒಂದು ದನಿ ಇದೇ ಜಿಲ್ಲೆಯದು ಎಂಬುದು ಮಾತ್ರ ನಮ್ಮ ಬಾಯಲ್ಲಿ ಬರುವುದಿಲ್ಲ. ಆ ದನಿ ಬೀಳಗಿಯ ಅಮೀರ್‌ಬಾಯಿ ಅವರದು. ನಾನು ಓದಿದ್ದು ಇಂಜಿನಿಯರಿಂಗ್, ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಸಂಗೀತದ ಶಾಸ್ತ್ರ ನನಗೆ ತಿಳಿಯದು. ಆದರೂ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಬರೆಯುವ ಅವಕಾಶ ಬಂದಾಗ ಇವರ ಬಗ್ಗೆಯೇ ಬರೆಯಬೇಕು ಅನಿಸಿತು.

ಅಮೀರ್‌ಬಾಯಿ ಹುಟ್ಟಿದ್ದು 1906ರ ಸುಮಾರಿಗೆ. ಆಗ ಬೀಳಗಿ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ತಂದೆ ಹುಸೇನಸಾಬ, ತಾಯಿ ಅಮೀನಾಬಿ. ಮಕ್ಕಳು ತುಂಬಿದ ಮನೆ. ಐವರು ಅಕ್ಕತಂಗಿಯರಲ್ಲಿ ಹಾಡಿನಿಂದ ಹೆಸರಾದವರು ಇಬ್ಬರು: ಹಿರಿಯಕ್ಕ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಮನೆಮಾತು ಕನ್ನಡ.

ಇವರು ಬೆಳೆದ ಕಾಲವನ್ನು ತಿಳಿಯದೆ ಇವರ ಬಾಳು ಅರ್ಥವಾಗುವುದಿಲ್ಲ. ಅದು ಕಂಪನಿ ನಾಟಕಗಳ ಕಾಲ. ಇಂದಿನಂತೆ ಮೈಕು ಇರಲಿಲ್ಲ. ತಗಡಿನ ಇಲ್ಲವೆ ತಟ್ಟಿಯ ಥೇಟರಿನಲ್ಲಿ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಹಾಡು ಮುಟ್ಟಬೇಕು. ರಂಗದ ಮುಂದೆ ಕಾಲಿನಿಂದ ತುಳಿಯುವ ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ. ನಾಟಕದ ಅರ್ಧ ಹಾಡಿನಲ್ಲೇ ನಡೆಯುತ್ತಿತ್ತು. ಮೆಚ್ಚಿದ ಪ್ರೇಕ್ಷಕರು ಒನ್ಸ್‌ಮೋರ್ ಎಂದು ಕೂಗಿದರೆ, ಕಥೆಯಲ್ಲಿ ಆಗಷ್ಟೇ ಸತ್ತ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕಾಗುತ್ತಿತ್ತು! ಮರಾಠಿ ಸಂಗೀತ ನಾಟಕದ ಪಿತಾಮಹ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಕಂಪನಿಗಳ ಅಬ್ಬರದ ನಡುವೆ ಕನ್ನಡಕ್ಕೂ ತನ್ನದೇ ರಂಗಭೂಮಿ ಬೇಕೆಂದು ಗದಗಿನಲ್ಲಿ ಹೋರಾಡಿದವರು ಶಾಂತಕವಿ ಸಕ್ಕರಿ ಬಾಳಾಚಾರ್ಯರು. ಮುಂದೆ ಈ ಭಾಗದಲ್ಲಿ ಒಂದರ ಹಿಂದೊಂದು ಕಂಪನಿಗಳು ಹುಟ್ಟಿದವು. ನಮ್ಮ ಕಂದಗಲ್ಲಿನ ಹನುಮಂತರಾಯರು ಬರೆದ ರಕ್ತರಾತ್ರಿಯಂಥ ನಾಟಕಗಳನ್ನು ಹಳ್ಳಿಹಳ್ಳಿಯ ಹವ್ಯಾಸಿಗಳು ಇಂದಿಗೂ ಆಡುತ್ತಾರೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಸಾಲುಗಟ್ಟಿ ನಿಲ್ಲುವ ನಾಟಕದ ಥೇಟರುಗಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ?

ಕಂಪನಿ ಎಂದರೆ ಬರೀ ಮನರಂಜನೆಯಲ್ಲ. ಒಂದು ಊರಲ್ಲಿ ಕ್ಯಾಂಪು ಹಾಕಿದರೆ ಬಡಿಗ, ದರ್ಜಿ, ಪರದೆ ಬರೆಯುವವರು, ಅಡುಗೆಯವರು, ಚಹಾದಂಗಡಿಯವರು ಎಲ್ಲರಿಗೂ ದುಡಿಮೆ. ಊರು ಬಿಡುವ ಮುಂಚೆ ಗುಡಿಗೋ ಶಾಲೆಗೋ ಒಂದು ಸಹಾಯಾರ್ಥ ಪ್ರಯೋಗ ಕೊಟ್ಟು, ಆ ರಾತ್ರಿಯ ಗಲ್ಲಾಪೆಟ್ಟಿಗೆಯನ್ನು ಊರವರ ಕೈಗೆ ಒಪ್ಪಿಸುವ ರೂಢಿ ಇತ್ತು. 1921ರ ಜುಲೈ 8ರಂದು ಮುಂಬೈಯಲ್ಲಿ ಬಾಲಗಂಧರ್ವ ಮತ್ತು ಕೇಶವರಾವ್ ಭೋಸಲೆ, ಎರಡು ಎದುರಾಳಿ ಕಂಪನಿಗಳ ಒಡೆಯರು, ಒಂದೇ ರಂಗದ ಮೇಲೆ ನಿಂತು ಮಾನಾಪಮಾನ ಆಡಿದ್ದು ತಿಲಕ್ ಸ್ವರಾಜ್ಯ ನಿಧಿಗಾಗಿ. ಕಲಾವಿದರು ಸಮಾಜದಿಂದ ಪಡೆದದ್ದನ್ನು ಸಮಾಜಕ್ಕೆ ತಿರುಗಿಸಿ ಕೊಡುತ್ತಿದ್ದರು. ಆದರೆ ಅದೇ ಸಮಾಜ, ರಂಗವೇರಿದ ಹೆಣ್ಣುಮಗಳನ್ನು ಮಾತ್ರ ಗೌರವದಿಂದ ಕಾಣಲಿಲ್ಲ. ಗಂಡಸು ಸೀರೆ ಉಟ್ಟು ಹಾಡಿದರೆ ಕಲೆ, ಹೆಂಗಸು ಹಾಡಿದರೆ ಕಳಂಕ. ಇಂಥ ಕಾಲದಲ್ಲಿ ಬೀಳಗಿಯ ಅಕ್ಕತಂಗಿಯರು ಹಾಡುವುದನ್ನೇ ಬದುಕಾಗಿ ಆರಿಸಿಕೊಂಡರು.

ಅಮೀರ್‌ಬಾಯಿ ಇನ್ನೂ ಹುಡುಗಿಯಾಗಿದ್ದಾಗಲೇ ಮುಂಬೈ ಸೇರಿದರು. ಅಲ್ಲಿ ಅವರ ಗಂಟಲನ್ನು ಗುರುತಿಸಿದವರು ಗ್ರಾಮಫೋನ್ ಕಂಪನಿಯವರು. ಅವರಿಗಾಗಿ ಹಾಡಿದ ಒಂದು ಕವಾಲಿ ಜನಪ್ರಿಯವಾಯಿತು. ಅದಾಗಲೇ ಸಿನಿಮಾದಲ್ಲಿ ಕಾಲೂರಿದ್ದ ಅಕ್ಕ ಗೋಹರ್‌ಬಾಯಿಯ ನೆರವಿನಿಂದ 1934ರಲ್ಲಿ ವಿಷ್ಣುಭಕ್ತಿ ಎಂಬ ಚಿತ್ರದಲ್ಲಿ ಪಾತ್ರ ಸಿಕ್ಕಿತು. ಆಗಿನ ಮುಂಬೈಯಲ್ಲಿ ಗೋಹರ್ ಎಂಬ ಹೆಸರಿನ ತಾರೆ ಇನ್ನೊಬ್ಬರೂ ಇದ್ದರು. ಬೀಳಗಿಯ ಅಕ್ಕತಂಗಿಯರು ಮಾತ್ರ ಕರ್ನಾಟಕಿ ಎಂದೇ ಗುರುತಾದರು. ಕರ್ನಾಟಕ ಎಂಬ ಹೆಸರಿನ ರಾಜ್ಯ ಬರಲು ಇನ್ನೂ ಎಷ್ಟೋ ವರ್ಷ ಬಾಕಿ ಇದ್ದಾಗ, ಇವರು ಆ ಹೆಸರನ್ನು ತಮ್ಮ ಹೆಸರಿಗೆ ಕಟ್ಟಿಕೊಂಡು ದೇಶ ಸುತ್ತಿದರು.

1940ರ ನರಸೀ ಭಗತ್ ಚಿತ್ರದಲ್ಲಿ ಗಾಂಧೀಜಿಯವರಿಗೆ ಪ್ರಿಯವಾದ ನರಸಿ ಮೆಹತಾರ ಭಜನೆಗೆ ದನಿಗೂಡಿಸಿದರು. ಬೀಳಗಿಯ ಮುಸ್ಲಿಂ ಮನೆತನದ, ಕನ್ನಡ ಮಾತಿನ ಹೆಣ್ಣುಮಗಳು ಗುಜರಾತಿ ವೈಷ್ಣವ ಸಂತನ ಪದವನ್ನು ಹಾಡಿದ್ದನ್ನು ಆಗ ಯಾರೂ ವಿಚಿತ್ರ ಎನ್ನಲಿಲ್ಲ. ಶಿಶುನಾಳ ಶರೀಫರ ನಾಡಿನವರಾದ ನಮಗೂ ಅದು ವಿಚಿತ್ರ ಅನಿಸಬಾರದು.

ದೊಡ್ಡ ಗೆಲುವು ಬಂದದ್ದು 1943ರಲ್ಲಿ, ಬಾಂಬೆ ಟಾಕೀಸಿನ ಕಿಸ್ಮತ್ ಚಿತ್ರದಿಂದ. ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಅವರ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ನಾಯಕಿ ಮುಮ್ತಾಜ್ ಶಾಂತಿಗೆ ದನಿ ಕೊಟ್ಟವರು ಅಮೀರ್‌ಬಾಯಿ. ಆ ಚಿತ್ರದಲ್ಲಿ ರಂಗದ ಮೇಲೆ ನಿಂತು ಹಾಡುವ ಒಂದು ದೇಶಭಕ್ತಿ ಗೀತೆ ಇದೆ. ಹಿಂದೂಸ್ತಾನ ನಮ್ಮದು, ಪರಕೀಯರು ದೂರ ಸರಿಯಿರಿ ಎಂಬುದು ಅದರ ತಾತ್ಪರ್ಯ. ಎರಡನೇ ಮಹಾಯುದ್ಧದ ದಿನಗಳು. ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರು ಸೇರಿಸಿದ್ದರಿಂದ ಬ್ರಿಟಿಷರ ಸೆನ್ಸಾರ್ ಅದನ್ನು ಬಿಟ್ಟುಕೊಟ್ಟಿತು. ಆದರೆ ಯಾರನ್ನು ದೂರ ಸರಿಯಿರಿ ಎನ್ನುತ್ತಿದ್ದಾರೆ ಎಂಬುದು ಜನರಿಗೆ ತಿಳಿದಿತ್ತು. ಹಿಂದಿನ ವರ್ಷವಷ್ಟೇ ಕ್ವಿಟ್ ಇಂಡಿಯಾ ಚಳವಳಿ ನಡೆದು ನಾಯಕರೆಲ್ಲ ಜೈಲಿನಲ್ಲಿದ್ದರು. ಆ ಹಾಡನ್ನು ಮತ್ತೆ ಮತ್ತೆ ಕೇಳಲು ಜನ ಥೇಟರಿಗೆ ಬಂದರು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಕಿಸ್ಮತ್ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಆಗ ಅಮೀರ್‌ಬಾಯಿಗೆ ಮೂವತ್ತೈದು ದಾಟಿತ್ತು. ಮುಂದೆ ನೌಷಾದರ ರತನ್, ಸಿ. ರಾಮಚಂದ್ರರ ಶಹನಾಯಿ ಚಿತ್ರಗಳ ಹಾಡುಗಳೂ ಮನೆಮಾತಾದವು. 1948ರಲ್ಲಿ ಶಹನಾಜ್ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಸಂಗೀತ ನಿರ್ದೇಶಕಿ ಎನಿಸಿಕೊಂಡ ಹೆಂಗಸರು ಆ ಕಾಲದಲ್ಲಿ ಬೆರಳೆಣಿಕೆಯಷ್ಟೇ.

ಇತ್ತ ಅಕ್ಕ ಗೋಹರ್‌ಬಾಯಿಯ ದಾರಿ ಬೇರೆಯಾಯಿತು. ಹೆಣ್ಣಿನ ಪಾತ್ರಗಳಿಂದ ದೇಶಪ್ರಸಿದ್ಧರಾಗಿದ್ದ ಬಾಲಗಂಧರ್ವರು ವಯಸ್ಸಾದಂತೆ ಆ ಪಾತ್ರಗಳನ್ನು ಬಿಡಬೇಕಾಯಿತು. 1938ರ ಸುಮಾರಿಗೆ ಅವರ ಕಂಪನಿ ಸೇರಿದ ಗೋಹರ್‌ಬಾಯಿ ನಾಯಕಿಯ ಪಾತ್ರಗಳಿಗೆ ನಿಂತರು. ಪತ್ನಿ ತೀರಿಕೊಂಡ ಮೇಲೆ 1951ರಲ್ಲಿ ಬಾಲಗಂಧರ್ವರು ಗೋಹರ್‌ಬಾಯಿಯನ್ನು ಮದುವೆಯಾದರು. ಅಭಿಮಾನಿಗಳು ಸಿಟ್ಟಾದರು. ಕಂಪನಿ ಮುಳುಗಿದ್ದೇ ಈ ಹೆಂಗಸಿನಿಂದ ಎಂದರು. ಆದರೆ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. ಗಂಧರ್ವ ಕಂಪನಿ ವೈಭವಕ್ಕೆ ಹಣ ಸುರಿದು ಸಾಲದಲ್ಲಿ ಬಿದ್ದದ್ದು ಮೊದಲು. 1935ರಲ್ಲಿ ಬಾಲಗಂಧರ್ವರು ಪ್ರಭಾತ್ ಸಂಸ್ಥೆಯ ಧರ್ಮಾತ್ಮಾ ಚಿತ್ರದಲ್ಲಿ ನಟಿಸುವ ಹೊತ್ತಿಗೇ ಮಾತಾಡುವ ಸಿನಿಮಾ ಬಂದು ಸಂಗೀತ ನಾಟಕದ ಪ್ರೇಕ್ಷಕರು ಚದುರಿದ್ದರು. ಗೋಹರ್‌ಬಾಯಿ ಬಂದದ್ದು ಅದೆಲ್ಲ ಆದ ಮೇಲೆ. ಅವರು 1964ರಲ್ಲಿ ತೀರಿಕೊಂಡರು. ಬಾಲಗಂಧರ್ವರ ಹೆಸರಿನಲ್ಲಿ ಪುಣೆಯಲ್ಲಿ ದೊಡ್ಡ ರಂಗಮಂದಿರವಿದೆ. ಕೊನೆಯ ದಿನಗಳಲ್ಲಿ ಅವರ ಜೊತೆ ನಿಂತ ಬೀಳಗಿಯ ಹೆಣ್ಣುಮಗಳ ಪಾಲಿಗೆ ಉಳಿದದ್ದು ಆ ಅಪವಾದ.

ಅಮೀರ್‌ಬಾಯಿಯ ಬದುಕೂ ಹೂವಿನ ಹಾಸಿಗೆಯಾಗಿರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮೊದಲ ಮದುವೆ ನೋವಿನದಾಯಿತು. ಅದರಿಂದ ಬಿಡಿಸಿಕೊಂಡು, ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾಗಿ ನೆಮ್ಮದಿ ಕಂಡರು. ದೇಶ ಇಬ್ಭಾಗವಾದಾಗ ಸಿನಿಮಾದ ಎಷ್ಟೋ ಜನ ಗಡಿ ದಾಟಿದರು. ಅಮೀರ್‌ಬಾಯಿ ಇಲ್ಲೇ ಉಳಿದರು. 1947ರ ನಂತರ ಲತಾ ಮಂಗೇಶ್ಕರ್ ಅವರ ಹೊಸ ದನಿ ಬಂತು, ಹಾಡುವ ರೀತಿಯೇ ಬದಲಾಯಿತು. ಅಮೀರ್‌ಬಾಯಿ ಪೋಷಕ ಪಾತ್ರಗಳಿಗೆ ತಿರುಗಿದರು. ಅಷ್ಟು ಎತ್ತರದಲ್ಲಿದ್ದವರು ಸಣ್ಣ ಪಾತ್ರ ಒಪ್ಪಿ ದುಡಿಯುವುದು ಸುಲಭದ ಮಾತಲ್ಲ. ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡರು. ಮಣ್ಣು ಮಾಡಿದ್ದು ವಿಜಾಪುರದಲ್ಲಿ. ಆ ಊರಿನ ಅಮೀರ್ ಟಾಕೀಸು ಅವರ ಹೆಸರನ್ನು ಹೊತ್ತದ್ದು.

ನನ್ನ ವೃತ್ತಿಯ ಒಂದು ಮಾತು ಇಲ್ಲಿ ಹೇಳಬೇಕು. ನಾವು ಮಾಹಿತಿಯನ್ನು ಕೋಷ್ಟಕಗಳಲ್ಲಿ ತುಂಬುವವರು. ಒಂದು ಕಾಲಂ ಖಾಲಿ ಬಿಟ್ಟರೆ ಹುಡುಕುವವನಿಗೆ ಆ ವ್ಯಕ್ತಿ ಸಿಗುವುದೇ ಇಲ್ಲ. 1940ರ ದಶಕದ ಎಷ್ಟೋ ಸಿನಿಮಾ ರೆಕಾರ್ಡುಗಳ ಮೇಲೆ ಹಾಡಿದವರ ಹೆಸರೇ ಇರುತ್ತಿರಲಿಲ್ಲ, ಪಾತ್ರದ ಹೆಸರು ಇರುತ್ತಿತ್ತು. ಹಾಡು ಉಳಿಯಿತು, ಹಾಡಿದವರು ಅಳಿಸಿಹೋದರು. ಸಂಶೋಧಕ ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಜೀವನವನ್ನು ಪುಸ್ತಕವಾಗಿ ಬರೆದು ಕನ್ನಡಿಗರ ಪರವಾಗಿ ಆ ಕಾಲಂ ತುಂಬಿದ್ದಾರೆ. ಇನ್ನು ನಮ್ಮ ಸರದಿ.

ನವನಗರದ ನಮಗೆ ಇದರ ಬೆಲೆ ಬೇರೆಯವರಿಗಿಂತ ಹೆಚ್ಚು ತಿಳಿಯಬೇಕು. ಆಲಮಟ್ಟಿಯ ಹಿನ್ನೀರಿಗೆ ಮನೆ, ಓಣಿ, ಹೊಲ ಬಿಟ್ಟು ಸೆಕ್ಟರ್ ನಂಬರಿನ ಊರಿಗೆ ಬಂದವರ ಮಕ್ಕಳು ನಾವು. ನೀರಿನಲ್ಲಿ ಹೋದದ್ದನ್ನು ತರಲಾಗದು, ನೆನಪನ್ನು ಉಳಿಸಿಕೊಳ್ಳಬಹುದು. ನಾವು ಓದುವಾಗ ಗ್ಯಾದರಿಂಗಿನ ನಾಟಕದಲ್ಲಿ ಹೆಣ್ಣಿನ ಪಾತ್ರವನ್ನೂ ಹುಡುಗರೇ ಮಾಡುತ್ತಿದ್ದೆವು. ಮಗಳನ್ನು ಸ್ಟೇಜಿಗೆ ಕಳಿಸಲು ಮನೆಯವರು ಹಿಂಜರಿಯುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ನಮಗಿಂತ ಚೆನ್ನಾಗಿ ಹಾಡುವ ಹುಡುಗಿಯರಿದ್ದರು. ಆ ದನಿಗಳು ಪ್ರಾರ್ಥನೆಗೇ ನಿಂತವು.

ಹಾಗಾಗಿ ಹಳೆಯ ವಿದ್ಯಾರ್ಥಿಗಳ ಮುಂದೆ, ಗುರುಗಳ ಮುಂದೆ, ಊರ ಹಿರಿಯರ ಮುಂದೆ ನನ್ನದೊಂದು ಬಿನ್ನಹ. ಪ್ರತಿವರ್ಷ ಮಾರ್ಚ್ 3ರ ಆಸುಪಾಸಿನಲ್ಲಿ ಅಮೀರ್‌ಬಾಯಿ ಹೆಸರಿನಲ್ಲಿ ಶಾಲೆಯಲ್ಲಿ ಒಂದು ಹಾಡಿನ ಸ್ಪರ್ಧೆ ಇಡೋಣ. ಅಂದು ಹೆಣ್ಣುಮಕ್ಕಳು ಸ್ಟೇಜಿನ ಮೇಲಿರಲಿ, ತಂದೆತಾಯಿಗಳು ಮುಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಬಹುಮಾನದ ಖರ್ಚಿಗೆ ನಮ್ಮ ಬ್ಯಾಚಿನವರು ಸಿದ್ಧರಿದ್ದೇವೆ. ಐವತ್ತು ತುಂಬಿದ ಶಾಲೆಗೆ ನಾವು ಕೊಡುವ ಕಾಣಿಕೆ ಅದಾಗಲಿ.