ಸ್ವಾಮಿ ರಾಮಾನಂದ ತೀರ್ಥರು

ಅಫಜಲಪುರ, ಜೇವರ್ಗಿ ಸೀಮೆಗಳಿಗೆ ನೆರೆಯಾದ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ 1903ನೆಯ ಇಸವಿ ಅಕ್ಟೋಬರ 3ರಂದು ಜನಿಸಿದ ವೆಂಕಟೇಶ ಖೇಡಗೀಕರರೇ ಮುಂದೆ ಸ್ವಾಮಿ ರಾಮಾನಂದ ತೀರ್ಥರೆಂದು ವಿಖ್ಯಾತರಾದರು. ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವರ ಬಳಿ ಕೆಲಕಾಲವಿದ್ದು, ಬಳಿಕ ಹಿಪ್ಪರಗಾ ರಾಷ್ಟ್ರೀಯ ಶಾಲೆಯಲ್ಲಿ ಅಧ್ಯಾಪಕರಾಗಿ, 1932ರಲ್ಲಿ ಸನ್ಯಾಸವನ್ನು ಸ್ವೀಕರಿಸಿದರು. ಕಾವಿಯನ್ನುಟ್ಟವರು ರಾಜಕಾರಣಕ್ಕಿಳಿಯಬಹುದೇ ಎಂಬ ಶಂಕೆ ಕೆಲವರಿಗುಂಟು. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ನಾಡಿನಲ್ಲಿ ಅದು ನಿಲ್ಲದು. 1938ರಲ್ಲಿ ನಿಜಾಮ ಸರಕಾರವು ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸನ್ನು ನಿಷೇಧಿಸಲು, ಸತ್ಯಾಗ್ರಹವನ್ನು ಹೂಡಿ ಸೆರೆಮನೆಯನ್ನು ಸೇರಿದರು. 1947ರ ಆಗಸ್ಟ 15ರಂದು ದೇಶವೆಲ್ಲ ಉತ್ಸವದಲ್ಲಿರಲು ಇವರು ಮತ್ತೆ ಬಂಧನಕ್ಕೊಳಗಾದರು. ಸಂಸ್ಥಾನವು ಬಿಡುಗಡೆ ಹೊಂದಿದುದು 1948ರ ಸೆಪ್ಟೆಂಬರ 17ರಂದು.

1952ರ ಪ್ರಥಮ ಮಹಾಚುನಾವಣೆಯಲ್ಲಿ ಗುಲಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಹೋದರು. ಆಮೇಲೆ, ತಾವು ಬಿಡಿಸಿದ ಸಂಸ್ಥಾನವನ್ನೇ ಭಾಷಾನುಸಾರವಾಗಿ ವಿಂಗಡಿಸಬೇಕೆಂದು ಪಟ್ಟು ಹಿಡಿದರು. ಅವರ ಜೀವಿತದಲ್ಲಿ ಸೆರೆವಾಸಕ್ಕಿಂತಲೂ ಕಠಿಣವಾದ ನಿಲುವೆಂದರೆ ಇದೇ. ಪ್ರಧಾನಿ ನೆಹರೂರವರಿಗೆ ಆ ವಿಭಜನೆ ರುಚಿಸಿರಲಿಲ್ಲ. ಸ್ವಾಮಿಗಳು ಬೆಳೆಸಿದ ಸಂಸ್ಥಾನ ಕಾಂಗ್ರೆಸ್ಸೂ ಅದರೊಡನೆ ಮೂರು ಪಾಲಾಗುವಂತಿತ್ತು. ಆದರೂ ಹಿಂಜರಿಯಲಿಲ್ಲ. 1956ರ ನವೆಂಬರ 1ರಂದು ಆಳಂದ, ಅಫಜಲಪುರ, ಜೇವರ್ಗಿಗಳುಳ್ಳ ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯದೊಳಗೆ ಬಂದು ಕನ್ನಡಿಗರನ್ನು ಕೂಡಿಕೊಂಡಿತು. ಗುಲಬರ್ಗೆಯ ಪ್ರತಿನಿಧಿಯಾಗಿದ್ದ ಸ್ವಾಮಿಗಳು 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಯನ್ನು ಪ್ರವೇಶಿಸಿದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ದೇಹವನ್ನು ಬಿಟ್ಟರು. ಅವರ ಸಮಾಧಿಯು ಅಲ್ಲಿಯ ಬೇಗಂಪೇಟೆಯಲ್ಲಿದೆ.