ಶೇರ್ ಷಾ ಸೂರಿ: ದಾರಿಹೋಕರ ದೊರೆ

ಶೇರ್ ಷಾನ ಮೊದಲ ಹೆಸರು ಫರೀದ್. ಬಿಹಾರದ ಸಸಾರಾಮಿನ ಜಾಗೀರುದಾರನ ಮಗ. ತಂದೆಯೊಡನೆ ಮುನಿಸಿಕೊಂಡು ಜೌನ್‌ಪುರಕ್ಕೆ ಹೋಗಿ ಅರಬ್ಬಿ, ಫಾರಸಿ ಕಲಿತನು. 1540ರಲ್ಲಿ ಹುಮಾಯೂನನನ್ನು ಸೋಲಿಸಿ ದೆಹಲಿಯ ಗದ್ದುಗೆಯೇರಿದನು.

ಆಳಿದ್ದು ಐದೇ ವರ್ಷ. ಅಷ್ಟರಲ್ಲೇ ಬಂಗಾಳದ ಸೋನಾರ್‌ಗಾಂವ್‌ನಿಂದ ಸಿಂಧೂ ನದಿಯವರೆಗಿನ ಪುರಾತನ ಹೆದ್ದಾರಿಯನ್ನು ಸರಿಪಡಿಸಿದನು. ಆಗ್ರಾದಿಂದ ಬುರ್ಹಾನ್‌ಪುರಕ್ಕೆ, ಲಾಹೋರಿನಿಂದ ಮುಲ್ತಾನಿಗೂ ರಸ್ತೆ ಮಾಡಿಸಿದನು. ಇಕ್ಕೆಲಗಳಲ್ಲಿ ಸಾಲುಮರ, ಎರಡು ಕೋಸಿಗೊಂದು ಸರಾಯಿ, ಅದರಲ್ಲೊಂದು ಬಾವಿ. ಹಿಂದೂ, ಮುಸ್ಲಿಂ ಪ್ರಯಾಣಿಕರಿಗೆ ಅವರವರ ಪದ್ಧತಿಯಂತೆ ಊಟ, ಕುದುರೆಗಳಿಗೆ ಮೇವು. ಟಪಾಲಿನ ಕುದುರೆಗಳೂ ಅಲ್ಲೇ ಇರುತ್ತಿದ್ದವು.

ದಾರಿಯಲ್ಲಿ ಕಳವಾದರೆ ಕಳ್ಳನನ್ನು ಹಿಡಿದುಕೊಡಬೇಕು, ಇಲ್ಲವೇ ನಷ್ಟ ತುಂಬಿಕೊಡಬೇಕು; ಅದು ಆ ಊರಿನ ಮುಖ್ಯಸ್ಥನ ಹೊಣೆ. ಹೀಗಾಗಿ ಊರವರೇ ದಾರಿಯ ಕಾವಲುಗಾರರಾದರು.

1545ರಲ್ಲಿ ಕಾಲಿಂಜರ್ ಮುತ್ತಿಗೆಯಲ್ಲಿ ಮದ್ದುಗುಂಡು ಸಿಡಿದು ಶೇರ್ ಷಾ ಮಡಿದನು. ಸೂರಿ ವಂಶದ ಆಳ್ವಿಕೆ ಬಹುಕಾಲ ಉಳಿಯಲಿಲ್ಲ. ಅವನು ಸರಿಪಡಿಸಿದ ದಾರಿಯಲ್ಲಿ ಮಾತ್ರ ಜನ ಇಂದಿಗೂ ಸಂಚರಿಸುತ್ತಿದ್ದಾರೆ. ವಿದ್ಯಾರ್ಥಿಗಳೇ, ರಸ್ತೆ ಹಾಕಿದರಷ್ಟೇ ಸಾಲದು. ನಡೆಯುವವನ ನೀರು, ನೆರಳು, ನೆಮ್ಮದಿಯನ್ನೂ ನೆನೆಯಬೇಕು.