ವಿಲಿಯಂ ಕೋಲಿ

ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೊಂದೇ ಮದ್ದೆಂದು ವೈದ್ಯರು ನಂಬಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ, ರೋಗಿಯ ದೇಹವೇ ಆ ರೋಗದೊಡನೆ ಹೋರಾಡಬಲ್ಲುದೆಂದು ನಂಬಿ, ಅದಕ್ಕಾಗಿ ಜೀವಮಾನವಿಡೀ ದುಡಿದವನು ವಿಲಿಯಂ ಕೋಲಿ.

ಕೋಲಿ 1862ರಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಜನಿಸಿದನು. 1888ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದು ನ್ಯೂಯಾರ್ಕಿನಲ್ಲಿ ಶಸ್ತ್ರವೈದ್ಯನಾದನು. 1890ರಲ್ಲಿ ಬೆಸ್ಸಿ ಡ್ಯಾಶೀಲ್ ಎಂಬ ಹದಿನೇಳು ವರ್ಷದ ತರುಣಿ ಕೈನೋವೆಂದು ಅವನ ಬಳಿಗೆ ಬಂದಳು. ಅವಳಿಗಿದ್ದುದು ಸಾರ್ಕೋಮ, ಅಂದರೆ ಮೂಳೆ, ಸ್ನಾಯು ಮೊದಲಾದವುಗಳಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆ. ಕೋಲಿ ಅವಳ ಕೈಯನ್ನು ಮೊಣಕೈಯ ಕೆಳಗೆ ಕತ್ತರಿಸಿ ತೆಗೆದನು. ಆದರೂ ರೋಗ ಮೈಯೆಲ್ಲ ಹರಡಿ 1891ರ ಜನವರಿಯಲ್ಲಿ ಅವಳು ತೀರಿಕೊಂಡಳು.

ಈ ಸಾವು ಕೋಲಿಯ ಮನಸ್ಸನ್ನು ಬಹುವಾಗಿ ಕಲಕಿತು. ಅವನು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಹುಡುಕತೊಡಗಿದನು. ಅವುಗಳಲ್ಲಿ ವಿಚಿತ್ರವಾದ ಒಂದು ಸಂಗತಿ ದೊರೆಯಿತು. ಕುತ್ತಿಗೆಯ ಗಡ್ಡೆಯಿಂದ ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಬಡ ವಲಸೆಗಾರನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿ, ತೀವ್ರ ಜ್ವರ ಬಂದು, ಗಡ್ಡೆ ಕರಗಿಹೋಗಿತ್ತು. ಕೋಲಿ ನಗರದ ಕಿಕ್ಕಿರಿದ ಬಡವರ ಕೇರಿಗಳಲ್ಲಿ ಅಲೆದು ಆ ಮನುಷ್ಯನನ್ನು ಪತ್ತೆಹಚ್ಚಿದನು. ಅವನು ಆರೋಗ್ಯವಾಗಿಯೇ ಇದ್ದನು!

ಅದೇ ವರ್ಷ ಕೋಲಿ, ಬದುಕುವ ಆಸೆಯೇ ಇಲ್ಲದಿದ್ದ ಇನ್ನೊಬ್ಬ ರೋಗಿಗೆ ಆ ಸೋಂಕಿನ ಬ್ಯಾಕ್ಟೀರಿಯಗಳನ್ನು ಚುಚ್ಚಿದನು. ಗಡ್ಡೆ ಕುಗ್ಗಿತು, ರೋಗಿ ಮತ್ತೆ ಎಂಟು ವರ್ಷ ಬದುಕಿದನು. ಆದರೆ ಸೋಂಕು ಎರಡಲಗಿನ ಕತ್ತಿಯಾಗಿತ್ತು. ಬೇರೆ ಇಬ್ಬರು ರೋಗಿಗಳು ಅದರಿಂದಲೇ ಮಡಿದರು. ಆದುದರಿಂದ ಕೋಲಿ 1893ರಿಂದ ಸತ್ತ ಬ್ಯಾಕ್ಟೀರಿಯಗಳಿಂದ ತಯಾರಿಸಿದ ಮದ್ದನ್ನು ಬಳಸತೊಡಗಿದನು. ಅದರಿಂದ ಕೆಲವರು ಗುಣಹೊಂದಿದರು, ಹಲವರು ಗುಣಹೊಂದಲಿಲ್ಲ. ಏಕೆ ಹೀಗಾಯಿತೆಂಬುದನ್ನು ಅವನು ವಿವರಿಸಲಾರದೆ ಹೋದನು. ಅಷ್ಟರಲ್ಲಿ ವಿಕಿರಣ ಚಿಕಿತ್ಸೆ ಬಳಕೆಗೆ ಬಂದಿತು. ಅನೇಕ ವೈದ್ಯರು ಅವನ ವಿಧಾನವನ್ನು ಸಂಶಯದಿಂದ ಕಂಡರು. 1936ರಲ್ಲಿ ಕೋಲಿ ನಿಧನ ಹೊಂದಿದನು.

ಅವನ ಮಗಳು ಹೆಲೆನ್ ತಂದೆಯ ರೋಗಿಗಳ ವಿವರಗಳನ್ನು ಶ್ರಮಪಟ್ಟು ಸಂಗ್ರಹಿಸಿ, 1953ರಲ್ಲಿ ಕ್ಯಾನ್ಸರ್ ಸಂಶೋಧನ ಸಂಸ್ಥೆಯೊಂದನ್ನು ಸ್ಥಾಪಿಸಿದಳು. ದೇಹದ ರೋಗನಿರೋಧಕ ವ್ಯವಸ್ಥೆಯ ಜೀವಕೋಶಗಳು ಕ್ಯಾನ್ಸರನ್ನು ಗುರುತಿಸಿ ಕೊಲ್ಲಬಲ್ಲವೆಂಬುದು ಕ್ರಮೇಣ ದೃಢಪಟ್ಟಿತು. ರೋಗಿಯ ರಕ್ತದಿಂದ ಟಿ-ಜೀವಕೋಶಗಳನ್ನು ತೆಗೆದು, ಅವುಗಳಿಗೆ ಹೊಸ ಜೀನನ್ನು ಸೇರಿಸಿ, ಮರಳಿ ದೇಹಕ್ಕೆ ಬಿಡುವ ಚಿಕಿತ್ಸೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ರಕ್ತದ ಕ್ಯಾನ್ಸರಿಗೆ ಈ ಚಿಕಿತ್ಸೆ ಈಗ ನಮ್ಮ ಬೆಂಗಳೂರಿನಲ್ಲಿಯೂ ದೊರೆಯುತ್ತದೆ.

ಆದರೆ ಘನವಾದ ಗಡ್ಡೆಗಳನ್ನು ಗೆಲ್ಲುವುದು ಇನ್ನೂ ಕಷ್ಟ. ಗಡ್ಡೆಯೊಳಕ್ಕೆ ಜೀವಕೋಶಗಳು ಸುಲಭವಾಗಿ ನುಗ್ಗಲಾರವು. ನುಗ್ಗಿದರೂ ಅಲ್ಲಿನ ವಾತಾವರಣ ಅವುಗಳ ಬಲವನ್ನು ಕುಂದಿಸುತ್ತದೆ. ಈ ಅಡ್ಡಿಗಳ ನಡುವೆಯೂ 2024ರಲ್ಲಿ, ಹೀಗೆ ಮಾರ್ಪಡಿಸಿದ ಟಿ-ಜೀವಕೋಶಗಳ ಚಿಕಿತ್ಸೆಗೆ ಘನ ಗಡ್ಡೆಯೊಂದರ ವಿಷಯದಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಒಪ್ಪಿಗೆ ದೊರೆಯಿತು. ಆ ಗಡ್ಡೆ ಸಾರ್ಕೋಮದ ಒಂದು ಬಗೆ. ಬೆಸ್ಸಿಯನ್ನು ಬಲಿ ತೆಗೆದುಕೊಂಡ ರೋಗದ ಕುಲಕ್ಕೇ ಸೇರಿದುದು.